ಮೆಡಿಕಲ್ ಏಕಾದಶಿ

ನಮ್ಮ ಕಾರ್ಖಾನೆಯವರಿಗೆ ವರ್ಷಕ್ಕೊಂದು ಏಕಾದಶಿ ಹೆಚ್ಚಿಗೆ ಬರುತ್ತಿತ್ತು. ಅದು ಯಾವ ದಿನ ಅಂತ ಪಂಚಾಂಗ ನೋಡಬೇಕಾಗಿರಲಿಲ್ಲ, ನೋಟಿಸ್ ಬೋರ್ಡು ನೋಡಿದರೆ ಸಾಕಿತ್ತು. 'ವಾರ್ಷಿಕ ವೈದ್ಯಕೀಯ ತಪಾಸಣೆ' ಎಂಬ ಚೀಟಿ ಅಂಟಿಸಿದ ದಿನದಿಂದ ಹರಿಹರದ ಆ ಶೆಡ್ಡುಗಳಲ್ಲಿ ಮಾತೇ ಬೇರೆ. ತಪಾಸಣೆಗೆ ಎರಡು ದಿನ ಇದೆ ಎನ್ನುವಾಗ ಮಂಡಕ್ಕಿ ತಿನ್ನುವವರಿಲ್ಲ, ಮಿರ್ಚಿ ಕೇಳುವವರಿಲ್ಲ, ಕ್ಯಾಂಟೀನಿನ ಚಹಾಕ್ಕೆ ಸಕ್ಕರೆ ಬೇಡ. ಹಿಂದಿನ ದಿನವಂತೂ ಬುತ್ತಿ ಡಬ್ಬಿಯಲ್ಲಿ ಬರೀ ಮಜ್ಜಿಗೆ. ಕೆಲವರು ಹಾಗಲಕಾಯಿ ರಸ ಕುಡಿದು ಮುಖ ಸಿಂಡರಿಸಿಕೊಂಡು ಬರುತ್ತಿದ್ದರು. ಇದಕ್ಕೆ 'ಮೆಡಿಕಲ್ ಏಕಾದಶಿ' ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಎಲ್ಲ ಜಾತಿಯವರೂ ಸೇರಿ ಇಷ್ಟು ಭಕ್ತಿಯಿಂದ ಆಚರಿಸಿದ ವ್ರತವನ್ನು ನಾನು ಬೇರೆ ಕಡೆ ನೋಡಿಲ್ಲ.

ನಾನು ಆ ಕಾರ್ಖಾನೆಯ ದವಾಖಾನೆಯಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಲ್ಯಾಬ್ ಎಂದರೆ ಒಂದು ಕಲ್ಲಿನ ಕಟ್ಟೆ, ಸ್ಪಿರಿಟ್ ದೀಪ, ಮರದ ಸ್ಟ್ಯಾಂಡಿನಲ್ಲಿ ಒಂದಷ್ಟು ಗಾಜಿನ ನಳಿಗೆ, ಹೊರಗೆ ನಿಂತವರ ಜೊತೆ ಮಾತಾಡಲು ಒಂದು ಕಿಟಕಿ. ನಳಿಗೆಯಲ್ಲಿ ಒಂದು ಚಮಚದಷ್ಟು ನೀಲಿ ದ್ರಾವಣ ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು, ದೀಪದ ಮೇಲೆ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ಹಾಗೇ ಉಳಿಯುತ್ತದೆ. ಸ್ವಲ್ಪ ಇದ್ದರೆ ಹಸಿರು, ಹೆಚ್ಚಿದಂತೆ ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಬೆಳಿಗ್ಗೆ ಆರೂವರೆಗೆ, ಮೊದಲ ಪಾಳಿಗೆ ಮುಂಚೆ, ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಶೀಷೆ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ನಾನು ಕುದಿಸುತ್ತಿದ್ದೆ. ನೀಲಿ, ನೀಲಿ, ನೀಲಿ. ಶೀಷೆ ಕೊಟ್ಟವರೆಲ್ಲ ನೇರವಾಗಿ ಕ್ಯಾಂಟೀನಿಗೆ ಓಡುತ್ತಿದ್ದರು. ಅವತ್ತು ಅಲ್ಲಿ ಕೇಸರಿಬಾತು ಖಾಯಂ, ಎರಡೆರಡು ಪ್ಲೇಟು ಹೊಡೆಯುತ್ತಿದ್ದರು.

ಇಷ್ಟೆಲ್ಲ ಯಾಕೆಂದರೆ ಬಣ್ಣ ತಿರುಗಿದವನನ್ನು ಮೆಷಿನ್ನಿನಿಂದ ಎತ್ತಿ 'ಲೈಟ್ ವರ್ಕ್'ಗೆ ಹಾಕುತ್ತಿದ್ದರು. ಲೈಟ್ ವರ್ಕ್ ಎಂದರೆ ಸ್ಟೋರಿನಲ್ಲಿ ಬೋಲ್ಟು ವಿಂಗಡಿಸುವುದು, ಗೇಟಿನಲ್ಲಿ ಸ್ಟೂಲಿನ ಮೇಲೆ ಕೂರುವುದು. ಹದಿನೈದು ವರ್ಷ ಲೇತ್ ಓಡಿಸಿದವನ ಕೈಗೆ ಎಣ್ಣೆಬಟ್ಟೆ ಕೊಟ್ಟು ಒರೆಸು ಎನ್ನುತ್ತಿದ್ದರು. ಸಕ್ಕರೆ ಇದ್ದವನಿಗೆ ತಲೆ ತಿರುಗುತ್ತದೆ, ಮೆಷಿನ್ನಿಗೆ ಕೈ ಕೊಡುತ್ತಾನೆ ಎಂಬುದು ಆಫೀಸಿನವರ ವಾದ. ಒಮ್ಮೆ ಹಾಗೆ ಹೋದವನು ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಹೀಗಿರುವಾಗ ಯಾವ ಮೂರ್ಖ ಉಂಡು ಬಂದು ಶೀಷೆ ಕೊಡುತ್ತಾನೆ ಹೇಳಿ.

ನಮ್ಮ ಮನೆಯವರು ಅದೇ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿದ್ದರು. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳತೆ ಹಿಡಿದು ನೋಡಿ, ಪಾಸು ಅಥವಾ ಫೇಲು ಎಂದು ಹೇಳುವ ಕೆಲಸ. ಕೂದಲೆಳೆಯ ವ್ಯತ್ಯಾಸವನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಲ್ಲೇ ಹೇಳಿಬಿಡುತ್ತಾರೆ, ಆಮೇಲೆ ಅಳತೆ ಹಿಡಿದರೆ ಅಷ್ಟೇ ಇರುತ್ತದೆ ಎಂದು ಶೆಡ್ಡಿನಲ್ಲಿ ಹೆಸರಿತ್ತು. ಆ ಹೆಸರಿನ ಮೇಲೆ ಅವರಿಗೆ ವಿಪರೀತ ಮೋಹ. ಮನೆಯಲ್ಲಿ ನಾನು ತಟ್ಟಿದ ರೊಟ್ಟಿಯನ್ನೂ ಎತ್ತಿ ಹಿಡಿದು ನೋಡಿ, "ಈ ಕಡಿ ಸ್ವಲ್ಪ ದಪ್ಪ ಐತೆ, ರಿಜೆಕ್ಟ್" ಎನ್ನುತ್ತಿದ್ದರು. "ಹಂಗಾರೆ ಉಪವಾಸ ಬೀಳ್ರಿ" ಎಂದು ನಾನು ರೊಟ್ಟಿ ಕಸಿದುಕೊಳ್ಳುತ್ತಿದ್ದೆ.

ಮದುವೆಯಾದ ಮೂರನೇ ವರ್ಷ ಅವರ ಹಿಮ್ಮಡಿಯ ಹತ್ತಿರ ಒಂದು ಗಾಯವಾಗಿ ತಿಂಗಳಾದರೂ ಮಾಯಲಿಲ್ಲ. ದಾವಣಗೆರೆಯಲ್ಲಿ ನಮ್ಮ ಮನೆಯ ಹತ್ತಿರದ ಒಬ್ಬ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಚೀಟಿ ನೋಡಿ, "ಇದು ಇನ್ನೂ ಕಾಯಿಲೆ ಅಲ್ಲಪ್ಪ. ಬಾರ್ಡರ್ ಮೇಲೆ ನಿಂತೀರಿ. ಈಗ ಹುಷಾರಾದ್ರೆ ಈ ಕಡೆನೇ ಉಳೀತೀರಿ. ನಡೀರಿ, ಸಿಹಿ ಬಿಡ್ರಿ, ಆರು ತಿಂಗಳಿಗೊಮ್ಮೆ ಉಂಡು ಎರಡು ತಾಸಿಗೆ ಬಂದು ರಕ್ತ ತೋರಿಸಿ ಹೋಗ್ರಿ" ಎಂದರು. ಇಷ್ಟು ಚೆನ್ನಾಗಿ ಹೇಳಿದ್ದರು ಪುಣ್ಯಾತ್ಮ. ನಾವು ಒಂದು ಸಲ ಹೋದೆವು. ಆಮೇಲೆ ಕಾರ್ಖಾನೆಯ ತಪಾಸಣೆ ಬಂತು, ನಳಿಗೆ ನೀಲಿಯಾಗಿ ಬಂತು. "ನೀನೇ ನೋಡಿದೆಲ್ಲ, ನೀಲಿ ಐತೆ. ಮತ್ತೆ ಆ ಡಾಕ್ಟ್ರತ್ರ ಯಾಕ ಹೋಗಾದು?" ಎಂದರು ಇವರು. ನಾನೇ ನೋಡಿದ್ದೆ, ಹೌದು. ಅದರ ಹಿಂದಿನ ಎರಡು ದಿನ ಅವರಿಗೆ ಮಜ್ಜಿಗೆ ಬಿಟ್ಟು ಬೇರೇನೂ ಕೊಡದೆ ಇದ್ದವಳೂ ನಾನೇ.

ಈಗ ಕುಳಿತು ಯೋಚಿಸಿದರೆ ಇದು ಯಾವ ಸೀಮೆಯ ಬುದ್ಧಿ ಎನಿಸುತ್ತದೆ. ಮನೆಯಲ್ಲಿ ಬಣ್ಣ ತಿರುಗದ ಹಾಗೆ ಅಡುಗೆ ಮಾಡುವುದು, ದವಾಖಾನೆಗೆ ಬಂದು ಬಣ್ಣ ತಿರುಗಲಿಲ್ಲ ಎಂದು ಬರೆಯುವುದು. ಆದರೆ ಆಗ ಅದು ಮೋಸ ಎಂದು ನನಗೆ ಅನಿಸಿರಲೇ ಇಲ್ಲ. ಹೆಣ್ಣು ನೋಡಲು ಬರುವವರಿದ್ದರೆ ಮನೆ ಸಾರಿಸುತ್ತೇವಲ್ಲ, ಹಾಗೆ ಎಂದುಕೊಂಡಿದ್ದೆ. ಎಲ್ಲರ ಹೆಂಡಂದಿರೂ ಅದನ್ನೇ ಮಾಡುತ್ತಿದ್ದರು.

ಹೀಗೇ ಏಳೆಂಟು ವರ್ಷ ಕಳೆಯಿತು. ಒಂದು ವರ್ಷ ತಪಾಸಣೆ ರಂಜಾನ್ ತಿಂಗಳಲ್ಲಿ ಬಂತು. ಮಳೆ ಆಗಷ್ಟೇ ಶುರುವಾಗಿತ್ತು. ನಮ್ಮಲ್ಲಿ ಮುಸ್ಲಿಮರು ಬಹಳ ಜನ ಇದ್ದರು, ಕೈಕೆಲಸದಲ್ಲಿ ಗಟ್ಟಿಗರು. ಆ ದಿನವೂ ಆರೂವರೆಗೆ ಸಾಲು ನಿಂತಿತು. ನಾನು ಕುದಿಸುತ್ತಾ ಹೋದೆ. ನೀಲಿ, ನೀಲಿ. ಇದ್ದಕ್ಕಿದ್ದ ಹಾಗೆ ಒಂದು ಹಳದಿ. ಇನ್ನೊಂದಷ್ಟು ನೀಲಿ ಬಂದು ಮತ್ತೊಂದು ಹಸಿರು. ಆಮೇಲೆ ಒಂದು ಕಿತ್ತಳೆ. ದ್ರಾವಣ ಕೆಟ್ಟಿತೇನೋ ಎಂದು ಹೊಸ ಶೀಷೆ ಒಡೆದು ಮತ್ತೆ ಮಾಡಿದೆ. ಅದೇ ಬಣ್ಣ. ಅವತ್ತು ಒಟ್ಟು ಐದು ಜನರ ಬಣ್ಣ ತಿರುಗಿತು, ಐದೂ ಜನ ರೋಜಾ ಹಿಡಿದವರು. ಹಿಂದಿನ ವರ್ಷ ಐವರದೂ ನೀಲಿ ಇತ್ತು.

ಕಿತ್ತಳೆ ಬಂದದ್ದು ಗ್ರೈಂಡಿಂಗ್ ಸೆಕ್ಷನ್ನಿನ ಭಾಯಿಗೆ. ಎಲ್ಲರೂ ಅವರನ್ನು ಗ್ರೈಂಡಿಂಗ್ ಭಾಯಿ ಎಂದೇ ಕರೆಯುತ್ತಿದ್ದರು. ಅವರ ಮನೆ ಆವರಗೆರೆ ಕಡೆ. ದಾವಣಗೆರೆಯಿಂದ ಕಾರ್ಖಾನೆಯ ಬಸ್ಸಿನಲ್ಲಿ ನಮ್ಮ ಮನೆಯವರ ಪಕ್ಕದಲ್ಲೇ ಕುಳಿತು ಬರುವ ಗೆಳೆಯ. ಕಿಟಕಿಯ ಹತ್ತಿರ ಕರೆದು ಹೇಳಿದಾಗ ನಂಬಲೇ ಇಲ್ಲ.

"ಏನ್ ಭಾಬಿ ತಮಾಷೆ ಮಾಡ್ತೀರಿ? ಉಂಡೋರಿಗೆಲ್ಲ ಸಕ್ಕರೆ ಇಲ್ಲ, ಉಪವಾಸ ಇದ್ದೋನಿಗೆ ಸಕ್ಕರೆ ಐತಂತೆ! ಇದೆಂಥಾ ನಿಮ್ಮ ಔಷಧಿ?"

"ಬೆಳಿಗ್ಗೆ ಏನಾರ ತಿಂದ್ರಾ ಭಾಯಿ?"

"ಸಹರಿ ಮಾಡ್ದೆ. ನಾಲ್ಕು ಗಂಟೆಗೆ ರೊಟ್ಟಿ, ಶಾವಿಗೆ, ಹಾಲು. ದಿನ ಇಡೀ ನೀರು ಕುಡೀದಂಗೆ ಗ್ರೈಂಡಿಂಗ್ ಮಾಡಬೇಕು, ಸಹರಿ ಬಿಡಾಕ ಆಗತ್ತೇನ್ರಿ?"

ಆಗ ನನಗೆ ಗೊತ್ತಾಯಿತು. ನೀಲಿ ಬಂದವರೆಲ್ಲ ಎರಡು ದಿನದಿಂದ ಹೊಟ್ಟೆ ಕಟ್ಟಿದವರು. ಉಪವಾಸದ ತಿಂಗಳಲ್ಲಿ ಇರುವವರೇ ಆ ಬೆಳಗಿನಲ್ಲಿ ಹೊಟ್ಟೆ ತುಂಬ ಉಂಡು ಬಂದಿದ್ದರು. ನಾನು ಅಷ್ಟು ವರ್ಷ ಕುದಿಸಿದ್ದೆಲ್ಲ ಬರೀ ಮಜ್ಜಿಗೆ.

ನಮ್ಮ ಡಾಕ್ಟರು ವಾರಕ್ಕೆ ಎರಡು ದಿನ ಬರುವ ವಯಸ್ಸಾದವರು. ಹೇಳಿದಾಗ ಕನ್ನಡಕ ತೆಗೆದು ಒರೆಸಿದರು. "ಗೊತ್ತು ಕಣಮ್ಮ. ಖಾಲಿ ಹೊಟ್ಟೆ ಮೂತ್ರದಲ್ಲಿ ಶುರುವಿನ ಸಕ್ಕರೆ ಸಿಗೋದಿಲ್ಲ. ಊಟ ಆಗಿ ಎರಡು ತಾಸಿಗೆ ನೋಡಬೇಕು. ಬಾರ್ಡರ್‌ನವರನ್ನಂತೂ ರಕ್ತ ತೆಗೆದೇ ನೋಡಬೇಕು. ಪಾಳಿ ನಡುವೆ ನಿಲ್ಲಿಸ್ತಾರಾ ನಿಮ್ಮ ಆಫೀಸಿನವರು?" ಎಂದರು. ಗೊತ್ತಿತ್ತಂತೆ! ನನಗೆ ಮೈ ಉರಿಯಿತು. ಗೊತ್ತಿದ್ದೂ ವರ್ಷ ವರ್ಷ ನನ್ನ ರಿಜಿಸ್ಟರಿಗೆ ಸಹಿ ಹಾಕಿದ್ದರು. ನಾನೂ ಏನು ಕಡಿಮೆ, ನನ್ನ ಕೋರ್ಸಿನ ಪುಸ್ತಕದಲ್ಲೂ ಅದು ಇತ್ತು, ಪರೀಕ್ಷೆಗೆ ಬಾಯಿಪಾಠ ಮಾಡಿ ಪಾಸಾಗಿದ್ದೆ.

ಐದೂ ಜನರನ್ನು ಮುಂದಿನ ವಾರವೇ ಲೈಟ್ ವರ್ಕಿಗೆ ಹಾಕಿದರು. ಭಾಯಿ ಸ್ಟೋರಿನಲ್ಲಿ ಬೋಲ್ಟು ವಿಂಗಡಿಸತೊಡಗಿದರು. ಬಸ್ಸಿನಲ್ಲಿ ನಮ್ಮ ಪಕ್ಕ ಕೂರುವುದನ್ನು ಬಿಟ್ಟು ಹಿಂದಿನ ಸೀಟಿಗೆ ಹೋದರು. ನಮ್ಮ ಮನೆಯವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಒಂದು ಹನಿ ನೀರು ಬೆರೆಸಿದ್ರೆ ಏನ್ ಗಂಟು ಹೋಗ್ತಿತ್ತೇ ನಿಂದು? ಆ ಮನುಷ್ಯನ ಕೈ ಕಟ್ಟಿ ಕೂಡ್ರಿಸಿದೆಲ್ಲ."

"ನೀರು ಬೆರೆಸಿದ್ರೆ ಸಕ್ಕರೆ ಹೋಗತ್ತೇನ್ರಿ ಮೈಯಾಗಿಂದು?"

"ಹೋಗ್ತಿದ್ದಿಲ್ಲ. ಕೆಲಸ ಉಳೀತಿತ್ತು."

ನಾನು ಆಗ ಹೇಳಬೇಕಿತ್ತು, ನೀವೂ ನಾಳೆ ಉಂಡು ಬಂದು ಶೀಷೆ ಕೊಡಿ, ಯಾರಿಗೂ ಹೇಳೋದಿಲ್ಲ, ನಾವಿಬ್ಬರೇ ನೋಡೋಣ ಎಂದು. ದೀಪ ನನ್ನದೇ, ದ್ರಾವಣ ನನ್ನ ಕೈಯಲ್ಲೇ ಇತ್ತು. ಹೇಳಲಿಲ್ಲ. ಬಣ್ಣ ತಿರುಗಿದ್ದು ಒಮ್ಮೆ ಕಂಡರೆ ಬರೆಯದೆ ಇರಲಾಗುವುದಿಲ್ಲ, ಬರೆದರೆ ಆ ಟೇಬಲ್ ಹೋಗುತ್ತದೆ, ಟೇಬಲ್ ಹೋದರೆ ಈ ಮನುಷ್ಯ ಹೇಗಿರುತ್ತಾರೆ ಎಂದು ನನಗೆ ಹೆದರಿಕೆ. ಮುಂದಿನ ವರ್ಷದ ತಪಾಸಣೆಗೆ ಅವರು ಎರಡರ ಬದಲು ಮೂರು ದಿನ ಉಪವಾಸ ಮಾಡಿದರು. ಮೂರೂ ದಿನ ನಾನೇ ಮಜ್ಜಿಗೆ ಕಡೆದು ಡಬ್ಬಿಗೆ ಹಾಕಿದೆ. ಗೊತ್ತಿದ್ದೂ ಹಾಕಿದೆ. ಸಂಕಟವೂ ಆಗಲಿಲ್ಲ, ಅಳುವೂ ಬರಲಿಲ್ಲ. ಮರಗಟ್ಟಿದ ಕಾಲಿನಲ್ಲಿ ನಡೆದ ಹಾಗೆ ಅಡುಗೆಮನೆಯಲ್ಲಿ ಓಡಾಡುತ್ತಿದ್ದೆ. ನಳಿಗೆ ನೀಲಿ ಬಂತು. ಬರೆದೆ. ಅದರ ಮುಂದಿನ ವರ್ಷವೂ ಅದೇ.

ಆದರೆ ಇನ್ನೊಂದು ಕಡೆ ಡಾಕ್ಟರ ಬೆನ್ನು ಬಿದ್ದಿದ್ದೆ. ವಾರಕ್ಕೆ ಎರಡು ಸಲ ಬರುವ ಅವರಿಗೆ ಎರಡೂ ಸಲ ಅದೇ ರಾಮಾಯಣ. ಊಟವಾದ ಮೇಲೆ ತಪಾಸಣೆ ಇಡಬೇಕು. ಬಣ್ಣ ಸ್ವಲ್ಪ ತಿರುಗಿದವರ ರಕ್ತ ನೋಡಬೇಕು. ಬಾರ್ಡರ್‌ನಲ್ಲಿ ಇರುವವರಿಗೆ ಒಂದು ಕಾರ್ಡು ಕೊಟ್ಟು ಮೂರು ತಿಂಗಳಿಗೊಮ್ಮೆ ಕರೆಯಬೇಕು. ಎಲ್ಲಕ್ಕಿಂತ ಮೊದಲು, ಅವರನ್ನು ಮೆಷಿನ್ನಿನಿಂದ ಎಬ್ಬಿಸಬಾರದು. ಎಬ್ಬಿಸುತ್ತೀರಿ ಎಂದು ಗೊತ್ತಿದ್ದರೆ ಯಾರೂ ಉಂಡು ಬರುವುದಿಲ್ಲ. "ಮಾರಾಯಿತಿ, ನೀನು ಯೂನಿಯನ್ ಲೀಡರ್ ಆಗ್ಬೇಕಿತ್ತು" ಎಂದು ಡಾಕ್ಟರು ನಗುತ್ತಿದ್ದರು. ಆದರೂ ಆಫೀಸಿಗೆ ಪತ್ರ ಬರೆದರು. ಪರ್ಸೊನೆಲ್ ಆಫೀಸರು ನನ್ನನ್ನು ಕರೆಸಿ, "ನಿಮ್ಮ ಕೆಲಸ ಬಣ್ಣ ನೋಡೋದು ತಾನೇ? ನೋಡಿ, ಸಾಕು" ಎಂದರು. ನಾನು "ಬಣ್ಣ ನೋಡೋದಕ್ಕೇ ಹೇಳ್ತಿರೋದು ಸರ್, ನೀವು ನೋಡೋಕೆ ಬಿಡ್ತಿಲ್ಲ" ಎಂದು ಹೇಳಿ ಬಂದೆ. ಬಾಗಿಲು ಸ್ವಲ್ಪ ಜೋರಾಗಿಯೇ ಎಳೆದೆ.

ಕೊನೆಗೆ ಆಫೀಸಿನವರನ್ನು ಒಪ್ಪಿಸಿದ್ದು ಭಾಯಿಯ ಮೈ. ಸಿಟ್ಟಿಗೋ ಹಠಕ್ಕೋ ಆ ಮನುಷ್ಯ ಡಾಕ್ಟರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದರು. ಬಸ್ಸಿನಿಂದ ಮೊದಲೇ ಇಳಿದು ಮನೆಗೆ ನಡೆದು ಹೋಗುವುದು, ಶಾವಿಗೆ ಬಂದ್, ಅನ್ನ ಒಂದು ಹಿಡಿ. ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಉಂಡು ಬಂದು, ಮುಖ ಗಂಟು ಹಾಕಿಕೊಂಡೇ ಕಿಟಕಿಯಲ್ಲಿ ಶೀಷೆ ಇಟ್ಟರು. "ನೋಡ್ರಿ ಭಾಬಿ." ಹಳದಿ ಇತ್ತು. ಮತ್ತೆ ಮೂರು ತಿಂಗಳಿಗೆ ಹಸಿರು. ಎರಡನೇ ವರ್ಷದ ಹೊತ್ತಿಗೆ ಉಂಡ ಮೇಲೂ ನೀಲಿ. ಅವರ ರಕ್ತದ ಚೀಟಿಗಳನ್ನು ಡಾಕ್ಟರು ಸಾಲಾಗಿ ಜೋಡಿಸಿ ಆಫೀಸಿನ ಮೇಜಿನ ಮೇಲೆ ಇಟ್ಟು, "ಇವನನ್ನು ಗ್ರೈಂಡಿಂಗ್‌ನಲ್ಲೇ ಇಟ್ಟುಕೊಂಡು ಇದನ್ನ ಮಾಡಬಹುದಿತ್ತು. ಸುಮ್ಮನೆ ಒಬ್ಬ ಕೆಲಸಗಾರನನ್ನ ಕಳಕೊಂಡ್ರಿ" ಎಂದರಂತೆ. ಭಾಯಿ ಗ್ರೈಂಡಿಂಗಿಗೆ ವಾಪಸ್ ಹೋದರು. ಮರುದಿನ ಬಸ್ಸಿನಲ್ಲಿ ಬಂದು ನಮ್ಮ ಪಕ್ಕ ಕುಳಿತರು, ಏನೂ ಆಗಿಲ್ಲವೆಂಬಂತೆ ನಮ್ಮ ಮನೆಯವರ ಹೆಗಲಿಗೆ ಗುದ್ದಿದರು. ನನಗೆ ಅಷ್ಟು ಸಂತೋಷವಾದದ್ದು ಆ ವರ್ಷಗಳಲ್ಲಿ ಅದೊಂದೇ ದಿನ.

ಈ ನಡುವೆ ನಮ್ಮ ಮನೆಯಲ್ಲಿ ಏನಾಗುತ್ತಿತ್ತು ಎಂದು ಕೇಳಿದರೆ, ಏನೂ ಆಗುತ್ತಿರಲಿಲ್ಲ. ಇವರು ವರ್ಷದೊಳಗೆ ಎರಡು ಸಲ ಕನ್ನಡಕ ಬದಲಾಯಿಸಿದರು. ಅಂಗಡಿಯವನಿಗೆ ನಂಬರ್ ತೆಗೆಯಲು ಬರುವುದಿಲ್ಲ ಎಂದು ಬೈದರು. ಪೇಪರನ್ನು ಬಾಗಿಲ ಹೊರಗೆ ಬಿಸಿಲಿಗೆ ಒಯ್ದು ಓದುತ್ತಿದ್ದರು. ಆಮೇಲೆ, "ತಲೆನೋವು, ಹೆಡ್ಡಿಂಗ್ ಒಂದು ಓದಿ ಹೇಳು" ಎನ್ನತೊಡಗಿದರು. ಟೇಬಲ್ಲಿನಲ್ಲಿ ಬಿಡಿಭಾಗವನ್ನು ಬೆಳಕಿಗೆ ಹಿಡಿಯದೆ ಬೆರಳಾಡಿಸಿಯೇ ಪಾಸು, ಫೇಲು ಹೇಳುತ್ತಾರೆ ಎಂದು ಕೇಳಿ, ಅದೂ ಒಂದು ಹೊಸ ಜಾಣತನ ಎಂದುಕೊಂಡೆ. ರೊಟ್ಟಿ ರಿಜೆಕ್ಟ್ ಮಾಡುವುದನ್ನು ಬಿಟ್ಟಿದ್ದರು. ಕೊಟ್ಟಿದ್ದನ್ನು ಸುಮ್ಮನೆ ಉಣ್ಣುತ್ತಿದ್ದರು. ವಯಸ್ಸಾಯಿತು, ತಣ್ಣಗಾದರು ಎಂದು ನಾನು ತಿಳಿದೆ. ಆಗ ಅವರಿಗೆ ನಲವತ್ತೊಂದು.

ಕೊನೆಗೆ ಹೊಸ ನೋಟಿಸು ಬಂತು. ತಪಾಸಣೆ ಮೂರು ದಿನ, ಮಧ್ಯಾಹ್ನ ಮೂರು ಗಂಟೆಗೆ. ಎಲ್ಲರೂ ಒಂದು ಗಂಟೆಗೆ ಎಂದಿನಂತೆ ಊಟ ಮಾಡಿ ಬರತಕ್ಕದ್ದು. ಬಣ್ಣ ಬಂದವರನ್ನು ಕೆಲಸದಿಂದ ಬದಲಾಯಿಸಲಾಗುವುದಿಲ್ಲ. ಯಾರೂ ನಂಬಲಿಲ್ಲ. "ಉಣ್ಣಿಸಿ ಹಿಡಿಯಾಕ ನೋಡ್ತಾರೆ" ಎಂದು ಮಾತಾಡಿಕೊಂಡರು. ನಾನು ಊಟದ ಬಿಡುವಿನಲ್ಲಿ ಶೆಡ್ಡಿಂದ ಶೆಡ್ಡಿಗೆ ಹೋಗಿ ಹೇಳಿದೆ. ನನ್ನ ಹಿಂದೆ ಭಾಯಿ ಬಂದು, "ನಾನು ಇಲ್ಲೇ ನಿಂತಿಲ್ಲೇನ್ರೋ, ನನ್ನ ನೋಡ್ರಿ. ಉಣ್ರಿ ಸುಮ್ಕೆ, ನಾಟಕ ಬ್ಯಾಡ" ಎಂದು ಗದರಿದರು. ನನ್ನ ಮಾತಿಗಿಂತ ಅದಕ್ಕೇ ತೂಕ ಹೆಚ್ಚಿತ್ತು.

ನಮ್ಮ ಮನೆಯವರ ಸರದಿ ಎರಡನೇ ದಿನ. ಅವತ್ತು ಬೆಳಿಗ್ಗೆ ನಾನು ಮಜ್ಜಿಗೆ ಕಡೆಯಲಿಲ್ಲ. ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ ಸಾರು ಕಟ್ಟಿದೆ. ಡಬ್ಬಿ ಕೈಗೆ ಕೊಡುವಾಗ ಅವರು ಅದರ ಭಾರ ನೋಡಿ, "ಏನೇ, ಇವತ್ತು ಮದುವಿ ಊಟ?" ಎಂದರು. "ಎಲ್ಲಾ ಉಣ್ರಿ. ಒಂದು ಅಗಳು ಬಿಟ್ರೆ ನೋಡ್ರಿ ಮತ್ತೆ" ಎಂದೆ. ಉಂಡರು. ಖಾಲಿ ಡಬ್ಬಿಯನ್ನು ಕಿಟಕಿಯಲ್ಲಿ ಇಟ್ಟು ಸಾಲಿಗೆ ನಿಂತರು. ಅವರ ಹಿಂದೆ ಭಾಯಿ ನಿಂತಿದ್ದರು.

ಎಂಟು ಹನಿ ಬಿಟ್ಟು ದೀಪದ ಮೇಲೆ ಹಿಡಿದೆ. ಕುದಿ ಬರುವ ಮೊದಲೇ ನೀಲಿ ಹೋಯಿತು. ಹಸಿರು ಬಂದದ್ದು ಕಾಣಲೇ ಇಲ್ಲ. ಹಳದಿ, ಕಿತ್ತಳೆ ಎಲ್ಲ ದಾಟಿಕೊಂಡು ನಳಿಗೆಯ ತಳದಿಂದ ಇಟ್ಟಿಗೆ ಕೆಂಪು ಎದ್ದು ಬಂತು, ಗಟ್ಟಿಯಾಗಿ. ನಾನು ಮತ್ತೊಂದು ನಳಿಗೆ ತೊಳೆದು ಮತ್ತೆ ಮಾಡಿದೆ. ಅದೂ ಕೆಂಪು. ಬಾರ್ಡರ್ ದಾಟಿ ಎಷ್ಟು ವರ್ಷವಾಗಿತ್ತೋ.

"ಏನ್ ಬಂತೇ?" ಎಂದು ಹೊರಗಿನಿಂದ ಕೇಳಿದರು.

ನಾನು ಸ್ಟ್ಯಾಂಡನ್ನು ಕಿಟಕಿಯ ಹತ್ತಿರ ಸರಿಸಿದೆ. ಅವರು ಆ ನಳಿಗೆಯನ್ನು ಎತ್ತಿಕೊಂಡರು. ಇನ್‌ಸ್ಪೆಕ್ಷನ್ ಟೇಬಲ್ಲಿನಲ್ಲಿ ಬಿಡಿಭಾಗ ಎತ್ತುವ ಹಾಗೆಯೇ, ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ತಿರುಗಿ, ಕಣ್ಣಿನ ತೀರ ಹತ್ತಿರ ತಂದರು. ಹಿಂದೆ ನಿಂತಿದ್ದ ಭಾಯಿ ನಳಿಗೆ ನೋಡಿ ನನ್ನ ಮುಖ ನೋಡಿದರು. ಇವರು ಇನ್ನೂ ನೋಡುತ್ತಲೇ ಇದ್ದರು. ನಳಿಗೆಯನ್ನು ಸ್ವಲ್ಪ ಆಚೆ ಒಯ್ದರು, ಮತ್ತೆ ಈಚೆ ತಂದರು.

"ನೀಲಿನೇ ಐತಲ್ಲೇ" ಎಂದರು.

ಭಾಯಿ ಮೆಲ್ಲಗೆ ಅವರ ಕೈಯಿಂದ ನಳಿಗೆ ತೆಗೆದುಕೊಂಡು ಸ್ಟ್ಯಾಂಡಿನಲ್ಲಿ ಇಟ್ಟರು. ನಾನು ಹೊಸದಾಗಿ ಅಚ್ಚು ಹಾಕಿಸಿದ್ದ ಕಾರ್ಡು ತೆಗೆದು ಅವರ ಹೆಸರು ಬರೆದೆ, ಕೆಳಗೆ ಬಣ್ಣ ಬರೆದೆ, ದೊಡ್ಡ ಅಕ್ಷರದಲ್ಲಿ. ಕಿಟಕಿಯಿಂದ ಚಾಚಿದೆ. ಕಾರ್ಡಿಗೆ ಕೈ ಹಾಕಲು ಹೋಗಿ ಅವರು ಮೊದಲು ಚೌಕಟ್ಟಿಗೆ ಕೈ ಹಾಕಿದರು. ಆಮೇಲೆ ಸಿಕ್ಕಿತು. ಅದನ್ನು ನೋಡದೆ ಹಾಗೇ ಅಂಗಿಯ ಜೇಬಿಗೆ ಹಾಕಿಕೊಂಡರು.

"ಓದ್ರಿ ಅದನ್ನ" ಎಂದೆ.

ಅವರು ಕಾರ್ಡನ್ನು ಜೇಬಿನಿಂದ ತೆಗೆದು ಕಿಟಕಿಯೊಳಗೆ ನನ್ನ ಕಡೆಗೇ ಹಿಡಿದರು.

"ನೀನೇ ಓದೇ" ಎಂದರು.